ಅಮ್ಮನ ಮೈಮೇಲೆ ಬಂದದ್ದು

ಅಮ್ಮ ತನ್ನ ರವಿಕೆಗಳ ಲೈನಿಂಗನ್ನೆಲ್ಲ ಬಿಚ್ಚಿ ತೆಗೆದಿದ್ದಳು. ಹೊರಗಿನ ಬಟ್ಟೆಯ ಒಂದು ಎಳೆಯೂ ಹಿಂಜದ ಹಾಗೆ ಹೊಲಿಗೆ ಕಿತ್ತು, ಒಳಗಿನ ತುಂಡುಗಳನ್ನು ಒಗೆದು ಮಡಿಸಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದಳು. ಸೂಜಿ ಹುಡುಕಲು ಹೋದ ನನಗೆ ಅವು ಸಿಕ್ಕವು.

ಮಧುಗಿರಿಯ ನಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು ಅಮ್ಮ. "ಲೈನಿಂಗ್ ಇಲ್ದೆ ನಾನು ಹೊಲ್ಯಲ್ಲ ಕಣಮ್ಮ, ಒಂದು ಸಲ ಒಗುದ್ರೆ ಮೈ ಕಾಣ್ತದೆ" ಎಂದು ಗಿರಾಕಿಗಳನ್ನು ಗದರಿಸುತ್ತಿದ್ದವಳು. ಅವಳೇ ತನ್ನದನ್ನೆಲ್ಲ ಬಿಚ್ಚಿದ್ದಳೆಂದರೆ ಕಾರಣ ನನಗೆ ಅರ್ಥವಾಗದೆ ಇರಲಿಲ್ಲ. ಕೆಲವು ತಿಂಗಳಿಂದ ಅವಳು ಇದ್ದಕ್ಕಿದ್ದಂತೆ ಬೆವರುತ್ತಿದ್ದಳು. ಕೂತಲ್ಲಿಂದ ಎದ್ದು ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡು ಬರುತ್ತಿದ್ದಳು. ಮುಟ್ಟು ಯಾವಾಗ ಬರುತ್ತದೆ, ಯಾವಾಗ ಇಲ್ಲ ಎಂಬ ಲೆಕ್ಕ ತಪ್ಪಿದ ಮೇಲೆ ದೇವರ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ದೀಪ ಹಚ್ಚಿ ಎಷ್ಟು ಹೊತ್ತಿಗೆ ಮೈಲಿಗೆಯಾಗುತ್ತದೋ ಎಂಬ ಹೆದರಿಕೆ. "ನೀನೇ ಹಚ್ಬುಡು" ಎಂದು ನನಗೆ ಹೇಳುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳಾಗಿ ಹೇಳಿಕೊಳ್ಳದ್ದನ್ನು ಕೆದಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಆ ಪದ್ಧತಿಯ ಬಗ್ಗೆ ನನಗೆ ಈಗಲೂ ಗೌರವವಿದೆ.

ನನ್ನ ತಂಗಿಗೆ ಇಲ್ಲ. ಅವಳು ಎರಡನೇ ಪಿಯುಸಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವಳ ಕೈ ಫೋನನ್ನು ತಡಕುತ್ತದೆ. ತಟ್ಟೆಗೆ ಬಿದ್ದ ಮುದ್ದೆಯಿಂದ ಹಿಡಿದು ಬೆಟ್ಟದ ಬಂಡೆಯ ಮೇಲೆ ಕೂತ ಮಂಗದವರೆಗೆ ಎಲ್ಲವೂ ರೀಲ್ಸ್. ಒಂದು ಶುಕ್ರವಾರ ಮಧ್ಯಾಹ್ನ ಅಮ್ಮ ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಲೆಂದು ಬಿಟ್ಟುಕೊಂಡು, ಮಿಷನ್ ತುಳಿಯುತ್ತಿದ್ದಾಗ ಆ ಬಿಸಿ ಏರಿದೆ. ತುಳಿಯುವುದನ್ನು ನಿಲ್ಲಿಸಿ, ಸೆರಗು ಸರಿಸಿ, ಕಣ್ಣು ಮುಚ್ಚಿ, ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಹಿಂದಕ್ಕೂ ಮುಂದಕ್ಕೂ ತೂಗಿದ್ದಾಳೆ. ಬಾಯಿಂದ ಹೂಂ, ಹೂಂ ಎಂದು ಉಸಿರು ಬಿಟ್ಟಿದ್ದಾಳೆ. ತಂಗಿ ಅದನ್ನು ಬಾಗಿಲ ಸಂದಿಯಿಂದ ಹಿಡಿದು, ಹಿಂದೆ ತಮಟೆಯ ಸದ್ದು ಸೇರಿಸಿ, "ನಮ್ಮಮ್ಮ ಫುಲ್ ಹೀಟು" ಎಂದು ಬರೆದು ಹಾಕಿಬಿಟ್ಟಳು.

ನಾನು ಕೊರಟಗೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅದನ್ನು ನೋಡಿದ್ದು ಅಲ್ಲಿಂದ ವಾಪಸು ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನವಳ ಫೋನಿನಲ್ಲಿ. ನಮ್ಮ ಅಮ್ಮ, ಅವಳ ಲೈನಿಂಗ್ ಇಲ್ಲದ ರವಿಕೆ. ಅಷ್ಟರಲ್ಲಿ ಯಾರೋ ತಂಗಿಯ ಬರಹವನ್ನು ಕತ್ತರಿಸಿ ಬೇರೆ ಬರಹ ಹಾಕಿದ್ದರು: ಮಧುಗಿರಿಯಲ್ಲಿ ಗೃಹಿಣಿಯ ಮೈಮೇಲೆ ಬಂದ ತಾಯಿ. ಬಿಚ್ಚಿದ ಕೂದಲು, ಶುಕ್ರವಾರದ ಕುಂಕುಮ, ತಮಟೆ. ನಮ್ಮ ಕಡೆಯವರು ಬೇರೇನು ತಿಳಿದಾರು? ಪಕ್ಕದವಳು ಫೋನನ್ನು ಹಣೆಗೆ ಮುಟ್ಟಿಸಿಕೊಂಡು ನಮಸ್ಕಾರ ಮಾಡಿದಳು.

ಮನೆಗೆ ಬಂದು ತಂಗಿಗೆ ತೆಗೆ ಎಂದೆ.

"ಅಕ್ಕಾ, ಈಗ ಡಿಲೀಟ್ ಮಾಡಿದ್ರೆ ರೀಚೆಲ್ಲ ಹೊಂಟೋಯ್ತದೆ ಕಣೇ. ಫಸ್ಟ್ ಟೈಮ್ ಇಷ್ಟು ವ್ಯೂಸ್ ಬಂದಿರೋದು."

"ಅದು ಅಮ್ಮ ಕಣೇ."

"ಅದ್ಕೇನೀಗ? ಯಾರೂ ಕೆಟ್ಟದಾಗಿ ಕಾಮೆಂಟ್ ಹಾಕಿಲ್ಲ. ಎಲ್ಲಾರೂ ಕೈ ಮುಗ್ದಿದಾರೆ, ನೋಡು!"

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಫೋನ್ ಕಿತ್ತುಕೊಂಡು ನಾನೇ ಅಳಿಸಿದೆ. ಅವಳು ಯಾರೋ ಸತ್ತ ಹಾಗೆ ಅತ್ತಳು. ಅಮ್ಮನಿಗಾಗಿ ಅಲ್ಲ, ಆ ವ್ಯೂಸಿಗಾಗಿ. ಅಳಿಸಿದ್ದರಿಂದ ಏನೂ ಆಗಲಿಲ್ಲ. ಬೇರೆಯವರ ಫೋನುಗಳಲ್ಲಿ ಅಮ್ಮ ತೂಗುತ್ತಲೇ ಇದ್ದಳು. ಪಾವಗಡದ ಕಡೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುವ ಅಪ್ಪನಿಗೆ ಫೋನ್ ಮಾಡಿದರೆ ಆತ ನಕ್ಕ. "ದೇವ್ರು ಅಂದ್ಕೊಂಡ್ರೆ ಅಂದ್ಕೊಳ್ಲಿ ಬುಡು. ದೆವ್ವ ಅಂದಿಲ್ವಲ್ಲ."

ಮರುದಿನದಿಂದ ಹೆಂಗಸರು ಬರತೊಡಗಿದರು. ಹೊಲಿಸಲು ಅಲ್ಲ. ಎಲೆ, ಅಡಿಕೆ, ನಿಂಬೆಹಣ್ಣು ಹಿಡಿದು ಹೊಸ್ತಿಲಾಚೆ ನಿಂತು, ಮಗಳಿಗೆ ಯಾವಾಗ ಗಂಡು ಕೂಡಿ ಬರುತ್ತದೆ, ಬೋರ್‌ವೆಲ್ಲಿನಲ್ಲಿ ನೀರು ಬೀಳುತ್ತದೋ ಇಲ್ಲವೋ ಎಂದು ಕೇಳಿದರು. ನಿನ್ನೆಯವರೆಗೆ ತೋಳು ಬಿಗಿಯಾಯಿತು, ಕೊರಳು ಅಗಲವಾಯಿತು ಎಂದು ಜಗಳ ಆಡುತ್ತಿದ್ದವರೇ ಈಗ ಅಮ್ಮನ ಕಾಲು ಮುಟ್ಟಲು ಬಗ್ಗಿದರು. ಅಮ್ಮ ಕಾಲು ಹಿಂದೆಳೆದುಕೊಂಡು ಒಳಗೆ ಓಡಿದಳು. ಮೈಲಿಗೆಯೆಂದು ಹೆದರಿ ತನ್ನ ಮನೆಯ ದೀಪವನ್ನೇ ಮುಟ್ಟದವಳು! ಹಾಗಂತ ಹೇಳೋಣವೆಂದರೆ ಆ ಒಂದು ಮಾತನ್ನು ಆಡಬೇಕು. ದೇವರಾದರೆ ಬೀದಿಗೆಲ್ಲ ಹೇಳಬಹುದು. ಮುಟ್ಟು ನಿಲ್ಲುತ್ತಿದೆ ಎಂದು ಹೇಳುವ ಹಾಗಿಲ್ಲ. ಹೇಳಿಬಿಡೋಣವೇ ಎಂದು ಅವಳನ್ನೇ ಕೇಳಿದೆ.

"ಬ್ಯಾಡ ಕಣಮ್ಮ. ದೇವ್ರು ಅಂತಲೇ ತಿಳ್ಕೊಳ್ಲಿ. ಅದಾದ್ರೆ ಮಾನ ಹೋಗಲ್ಲ."

ಭಾನುವಾರ ಕಳ್ಳಂಬೆಳ್ಳದ ಹತ್ತಿರದ ಊರಿಂದ ಸೋದರತ್ತೆ ಬಂದಳು. ಅಪ್ಪನ ಅಕ್ಕ. ತಟ್ಟೆಯಲ್ಲಿ ಹಸಿರು ಬಳೆ, ಹಳದಿ ಸೀರೆ. ಚಾಪೆಯ ಮೇಲೆ ಕೂರುವ ಮೊದಲೇ ಶುರು ಮಾಡಿದಳು.

"ತಿಂಗ್ಳಾನುಗಟ್ಲೆ ದೀಪ ಹಚ್ಚಿಲ್ವಂತೆ? ನಿನ್ ಚಿಕ್ ಮಗ್ಳೇ ಹೇಳಿದ್ಲು. ಅದ್ಕೇ ಅಮ್ಮನೋರು ಮುನಿಸ್ಕೊಂಡು ಬಂದವ್ರೆ. ಮಂಗಳ್ವಾರ ನಮ್ಮೂರಿಗ್ ಬಾ. ಪೂಜಾರಪ್ಪ ಹೂವು ಕೇಳ್ತಾನೆ. ಬಲಗಡೆ ಹೂವು ಬಿದ್ರೆ ಮುಗೀತು, ನೀನು ದೇವ್ರ ಹೆಂಗ್ಸು."

"ನಂಗೆ ಕೆಲ್ಸ ಐತೆ ಅತ್ತಿಗೆ. ಮದ್ವೆ ರವಿಕೆಗಳು ಬಂದವೆ."

"ಇನ್ನೆಂಥಾ ಹೊಲಿಗೆ? ಬುಟ್ಬುಡು! ದೇವ್ರು ಬರೋ ಮೈ, ಕಂಡೋರು ತೊಟ್ಟು ಬುಟ್ಟ ಅಳತೆ ರವಿಕೆ ಮುಟ್ಟಬೌದಾ? ಮಿಷನ್ನು ನನ್ ಸೊಸೆ ತಗೊಂಡೋಗ್ತಾಳೆ ಬುಡು, ಅವ್ಳೂ ಕಲೀತಾ ಅವ್ಳೆ."

ಅಳತೆಗೆಂದು ಹೆಂಗಸರು ಕೊಟ್ಟು ಹೋಗುವ ಹಳೆಯ ರವಿಕೆಗಳ ಗಂಟು ಅಮ್ಮನ ಪಕ್ಕದಲ್ಲೇ ಇತ್ತು. ಒಂದೊಂದೂ ಒಬ್ಬೊಬ್ಬರ ಮೈ. ಯಾರ ಬಲ ತೋಳು ದಪ್ಪ, ಯಾರು ಬಸುರಿ, ಯಾರು ಬಡಕಲಾದರು, ಎಲ್ಲ ಅವಳ ಕೈಗೆ ಗೊತ್ತು. ಒಬ್ಬರದನ್ನು ಇನ್ನೊಬ್ಬರ ಮುಂದೆ ಅವಳು ಆಡಿದ್ದನ್ನು ನಾನು ಕೇಳಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಮಿಷನ್ನಿನ ಮೇಲೆ ಕೈ ಇಟ್ಟಳು.

"ಅತ್ತಿಗೆ, ನನ್ ಮೇಲೆ ದೇವ್ರೂ ಬಂದಿಲ್ಲ, ದಿಂಡ್ರೂ ಬಂದಿಲ್ಲ. ಮುಟ್ಟು ನಿಲ್ತಾ ಐತೆ. ಮೈಯೆಲ್ಲ ಬೆಂಕಿ ಬಿದ್ದಂಗೆ ಆಯ್ತದೆ. ನಿಮ್ಗೆ ಆಗ್ಲಿಲ್ವಾ?"

ಅತ್ತೆ ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೋ ಎಂದು. "ಥೂ, ಹೆಣ್ಮಕ್ಳ ಮುಂದೆ ಇಂಗೆಲ್ಲ ಬಾಯ್ಬುಟ್ಟು ಹೇಳ್ತಾರೇನೇ?" ಆಮೇಲೆ ದನಿ ಇಳಿಸಿ, "ಆಗಿತ್ತು. ಹೊಲಕ್ಕೆ ಹೋಗಿ ಹೊಂಗೆ ಮರದಡಿ ಕೂತ್ಕೊಳ್ತಿದ್ದೆ. ಸೋಮಾರಿ ಅಂತ ನಿಮ್ ಭಾವ ಬಯ್ಯೋನು" ಎಂದಳು.

ಗೊತ್ತಿತ್ತು ಅವಳಿಗೆ. ಗೊತ್ತಿದ್ದೂ ಬಳೆ, ಸೀರೆ ತಂದಿದ್ದಳು. ಮಿಷನ್ನು ಯಾರಿಗೆ ಹೋಗಬೇಕೆಂದೂ ಯೋಚಿಸಿಯೇ ಬಂದಿದ್ದಳು. ಹೊಂಗೆ ಮರದ ಮಾತಿಗೆ ನನ್ನ ಮನಸ್ಸು ಕರಗಬೇಕಿತ್ತೇನೋ. ಕರಗಲಿಲ್ಲ.

ಗೋಡೆಗೊರಗಿ ಕೂತಿದ್ದ ತಂಗಿ ಮೊದಲ ಸಲ ಫೋನನ್ನು ಬೋರಲು ಹಾಕಿದಳು. "ಅಮ್ಮಾ," ಎಂದಳು ಸಣ್ಣಗೆ, "ಇದನ್ನೇ ನೀನು ಹೇಳಿದಂಗೆ ಒಂದು ವಿಡಿಯೋ ಮಾಡ್ಲಾ? ಅವೇರ್ನೆಸ್ ಥರ?"

"ಕಾಲ್ ಮುರ್ದು ಕೈಗ್ ಕೊಡ್ತೀನಿ, ಲೇ" ಎಂದು ಅಮ್ಮ ಮಿಷನ್ ತುಳಿಯತೊಡಗಿದಳು. ಅತ್ತೆ ಸಂಜೆಯ ಬಸ್ಸಿಗೆ ಹಳದಿ ಸೀರೆಯನ್ನು ವಾಪಸು ತೆಗೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಗುರುತಿಲ್ಲದ ಹೆಂಗಸೊಬ್ಬಳು ನಿಂಬೆಹಣ್ಣು ಹಿಡಿದು ಬಂದಳು. ಬೆಳಗಿನ ಮೊದಲ ಬಸ್ಸಿಗೆ ಶಿರಾ ಕಡೆಯಿಂದ ಬಂದವಳಂತೆ. "ಅಮ್ಮನೋರು ಎದ್ದವ್ರಾ?" ಎಂದಳು. ಅಪರಿಚಿತರ ಹತ್ತಿರ ನಾನು ಬಸ್ಸಿನ ಹೊತ್ತು ಕೇಳಲೂ ಹಿಂಜರಿಯುವವಳು.

"ನಮ್ಮಮ್ಮನ ಮೇಲೆ ದೇವರು ಬಂದಿಲ್ಲ. ಅವಳಿಗೆ ಮುಟ್ಟು ನಿಲ್ಲೋ ವಯಸ್ಸು, ಅದಕ್ಕೆ ಮೈ ಬಿಸಿಯಾಗುತ್ತೆ" ಎಂದೆ. ಎದುರು ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓದಿರೋ ಹುಡ್ಗಿ ಬಾಯಲ್ಲಿ ಎಂಥಾ ಮಾತು!" ಎಂದು, ಹಣ್ಣನ್ನು ಜಗಲಿಯ ಮೇಲಿಟ್ಟು ಹೋದಳು. ದೇವರಿಗೆಂದು ತಂದ ನಿಂಬೆಹಣ್ಣನ್ನು ಮನೆಯಲ್ಲಿ ಬಳಸುವುದಿಲ್ಲ. ಹರಿಯುವ ನೀರಿಗೆ ಬಿಡಬೇಕು. ನಾನು ಒಳಗೆ ತಂದು ಕುಯ್ದು, ಉಪ್ಪು ಸಕ್ಕರೆ ಹಾಕಿ, ತಣ್ಣಗೆ ಶರಬತ್ತು ಮಾಡಿ ಅಮ್ಮನ ಮಿಷನ್ನಿನ ಪಕ್ಕ ಇಟ್ಟೆ. ಆಮೇಲೆ ಕಾಲೇಜಿಗೆ ಫೋನ್ ಮಾಡಿ, ಅಮ್ಮನನ್ನು ಡಾಕ್ಟರಿಗೆ ತೋರಿಸಬೇಕು, ಇವತ್ತು ಬರುವುದಿಲ್ಲ ಎಂದು ಹೇಳಿದೆ.