ಅತ್ತೆಗೂ ಚಿಕ್ಕಮ್ಮನಿಗೂ ಒಂದೇ ಶಬ್ದ

ಬಂಗುಡೆ ಕೊಯ್ಯಲು ಕೂತರೆ ಈಗಲೂ ಒಂದು ಫೋನ್ ನೆನಪಾಗುತ್ತದೆ. ಅವತ್ತೂ ಕಾಪುವಿನ ನಮ್ಮ ಮನೆಯ ಹಿಂದೆ ಹೀಗೆಯೇ ಕೂತಿದ್ದೆ. ಕೈಯೆಲ್ಲ ಮೀನು, ನಮ್ಮವರೇ ಫೋನನ್ನು ಕಿವಿಗೆ ಹಿಡಿದರು. ಕಾರ್ಕಳದಿಂದ ಅಣ್ಣ.

"ಅಕ್ಕನ ಮಗಳು ಮುಂದಿನ ತಿಂಗಳು ಬರ್ತಾಳಂತೆ. ಮಣಿಪಾಲದಲ್ಲಿ ಹೋಟೆಲ್ ರೂಮು ಮಾಡಿದ್ದಾಳೆ. ನಿಮ್ಮಲ್ಲಿಗೆ ಮಧ್ಯಾಹ್ನ ಬಂದು ಸಂಜೆಗೆ ಹೋಗ್ತಾಳಂತೆ."

ಚಿಕ್ಕಮ್ಮನ ಮನೆ ಇರುವಾಗ ಹೋಟೆಲ್! ನನ್ನ ಅಕ್ಕ ನರ್ಸಿಂಗ್ ಕಲಿತು ಜರ್ಮನಿಗೆ ಹೋದವಳು, ಅಲ್ಲಿಯೇ ಮದುವೆಯಾಗಿ ಅಲ್ಲಿಯೇ ತೀರಿಕೊಂಡಳು. ಕೊನೆಗೆ ಮುಖವೂ ನನಗೆ ಸಿಗಲಿಲ್ಲ. ಅವಳದ್ದೆಂದು ಉಳಿದದ್ದು ಈ ಲೀನಾ ಒಬ್ಬಳೇ. ಅವಳನ್ನು ನಾನು ಫೋಟೋದಲ್ಲಿ ಮಾತ್ರ ಕಂಡದ್ದು. ಒಂದು ರಾತ್ರಿಯಾದರೂ ಅವಳು ನಮ್ಮಲ್ಲಿ ಮಲಗಲಿ ಎಂದು ಕೃಷ್ಣನಿಗೆ ದೀಪ ಹಚ್ಚಿದೆ. ಆದರೆ ಅವಳನ್ನು ಯಾವ ಭಾಷೆಯಲ್ಲಿ ಕರೆಯುವುದು? ನನ್ನ ಇಂಗ್ಲಿಷ್ ಬಸ್ಸಿನ ಬೋರ್ಡು ಓದುವಷ್ಟು.

ದೇವರು ದೊಡ್ಡವನು, ದಾರಿಯನ್ನು ನಮ್ಮ ಮಾಳಿಗೆಯಲ್ಲಿಯೇ ಇಟ್ಟಿದ್ದ. ಅಲ್ಲಿ ಬಾಡಿಗೆಗಿದ್ದ ಶ್ರೇಯಾ ಕಾಲೇಜಿನಲ್ಲಿ ಜರ್ಮನ್ ಕಲಿಯುತ್ತಿದ್ದಳು. ಸಂಜೆ ಚಹಾಕ್ಕೆ ಇಳಿದು ಬಂದರೆ ನನಗೆ ಪಾಠ. 'ಗೂಟನ್ ಟಾಗ್' ನಮಸ್ಕಾರ. 'ಫ್ರೊಯ್ಟ್ ಮಿಷ್' ಎಂದರೆ ಭೇಟಿಯಾಗಿ ಸಂತೋಷ. 'ದಾಂಕೆ' ಎಂದು ಥ್ಯಾಂಕ್ಸ್ ಹೇಳಿದವರಿಗೆ 'ಬಿಟ್ಟೆ' ಅನ್ನಬೇಕು. ಎಂತ ಬಿಟ್ಟದ್ದೋ! ಮೀನು ಕೊಯ್ಯುತ್ತಾ ಗುನುಗಿದರೆ ನಮ್ಮವರು, "ಬಂಗುಡೆಗೆ ಜರ್ಮನ್ ಬರ್ಲಿಕ್ಕೆ ಉಂಟಾ ಮಾರಾಯ್ತಿ?" ಎಂದು ನಗುತ್ತಿದ್ದರು.

"ಹೊಸಬರಿಗೆ 'ಝೀ' ಹೇಳ್ಬೇಕು ಆಂಟಿ, ನೀವು ಅಂತ. 'ಡು' ಮನೆಯವರಿಗೆ ಮಾತ್ರ."

"ಅಕ್ಕನ ಮಗಳು ಹೊಸಬಳಾ?"

ಶ್ರೇಯಾ ಚಹಾ ಕುಡಿದಳು. "ಹಾಗಾದ್ರೆ ನಾನು ನಿನ್ನ ಟಾಂಟೆ ಅಂತ ಹೇಳಿ."

"ಟಾಂಟೆ ಅಂದ್ರೆ ಅತ್ತೆಯಾ, ಚಿಕ್ಕಮ್ಮನಾ?"

"ಎರಡಕ್ಕೂ ಅದೇ."

ಅದೆಂತ ಭಾಷೆಯೋ ಎಂದುಕೊಂಡೆ.

ಟ್ಯಾಕ್ಸಿ ಬಂತು. ಇಳಿದವಳು ಕೂದಲನ್ನು ಬಲಗೈಯಿಂದ ಸುತ್ತಿ ಹಿಂದಕ್ಕೆ ಎಸೆದಳು, ಥೇಟ್ ಅಕ್ಕ. ಕಲಿತದ್ದೆಲ್ಲ ಮರೆತುಹೋಯಿತು. ಗೂಟನ್ ಟಾಗ್ ಕೂಡ ಬರಲಿಲ್ಲ. ಚಿಕ್ಕದಕ್ಕೆ 'ಕ್ಲೈನ್', ಅಮ್ಮನಿಗೆ 'ಮುಟ್ಟರ್' ಎನ್ನುವುದು ನಾಲಿಗೆಯಲ್ಲಿ ಉಳಿದಿತ್ತು. ಎರಡನ್ನೂ ಸೇರಿಸಿ, "ನಾನು ನಿನ್ನ ಚಿಕ್ಕ ಅಮ್ಮ" ಎಂದುಬಿಟ್ಟೆ: "ಇಷ್ ಬಿನ್ ಡೈನೆ ಕ್ಲೈನೆ ಮುಟ್ಟರ್."

ಹುಡುಗಿ ಬಾಯಿ ತೆರೆದು ನಿಂತಳು. ತಪ್ಪಾಯಿತೇನೋ ಎಂದು ನಾನು ಒಳಗೆ ಗೋಡೆಯಲ್ಲಿದ್ದ ಅಕ್ಕನ ಫೋಟೋ ತೋರಿಸಿ "ಅಮ್ಮ" ಎಂದೆ, ನನ್ನ ಎದೆ ಮುಟ್ಟಿ "ಚಿಕ್ಕ ಅಮ್ಮ" ಎಂದೆ.

"ಚಿಕ್ಕಮ್ಮ?" ಎಂದಳು ಅವಳು. ಆಮೇಲೆ ಅಳುತ್ತಾ ಏನೇನೋ ಹೇಳಿದಳು. ಮಾಳಿಗೆಯಿಂದ ಇಳಿದು ಬಂದಿದ್ದ ಶ್ರೇಯಾ ತಿಳಿಸಿದಳು: "ಅವಳಮ್ಮ ನಿಮ್ಮ ಬಗ್ಗೆ ಯಾವಾಗ್ಲೂ ಚಿಕ್ಕಮ್ಮ, ಚಿಕ್ಕಮ್ಮ ಅಂತಿದ್ರಂತೆ. ಇವಳು ಅದು ನಿಮ್ಮ ಹೆಸರು ಅಂತ ತಿಳ್ಕೊಂಡಿದ್ದಳಂತೆ ಆಂಟಿ!"

ಟ್ಯಾಕ್ಸಿಯವನನ್ನು ಅವಳೇ ಕಳಿಸಿದಳು. ಆ ರಾತ್ರಿ ಖಾರ ತಿನ್ನಲಾಗದೆ ಬರೀ ಉಪ್ಪು ಹಚ್ಚಿದ ಬಂಗುಡೆ ಉಂಡು, ನನ್ನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದಳು. ಒಂದೇ ರಾತ್ರಿ. ಕೇಳಿದಷ್ಟನ್ನು ಕೃಷ್ಣ ಕೊಟ್ಟ. ಎರಡು ಕೇಳಬಹುದಿತ್ತು ಎಂದು ಆಮೇಲೆ ಅನ್ನಿಸಿತು.

ಹೊರಡುವಾಗ 'ಹೋಗ್ತೇನೆ' ಅನ್ನಬಾರದು, 'ಬರ್ತೇನೆ' ಅನ್ನಬೇಕು ಎಂದು ಕಲಿಸಿದೆ. ಈಗಲೂ ಫೋನ್ ಇಡುವಾಗ, "ಚಿಕ್ಕಮ್ಮ, ಬರ್ತೇನೆ" ಎನ್ನುತ್ತಾಳೆ. ಇವತ್ತು ಬೆಳಿಗ್ಗೆಯೂ ಹೇಳಿದಳು.

"ಅದು ಹೋಗುವಾಗ ಹೇಳುವ ಮಾತಲ್ವಾ?" ಎಂದರು ನಮ್ಮವರು, ಒಂದು ಬಂಗುಡೆ ಹೆಚ್ಚಿಗೆ ಇದ್ದದ್ದು ನೋಡಿ.

ನನಗೇನು ಗೊತ್ತಿಲ್ಲವೇ. ಕೊಯ್ದ ಬಂಗುಡೆಗಳಿಗೆ ಮಸಾಲೆ ಹಚ್ಚತೊಡಗಿದೆ. ಒಂದಕ್ಕೆ, ಖಾರ ತಾಗದಂತೆ, ಬರೀ ಉಪ್ಪು.