ಸ್ತ್ರೀ ಅಂದ್ರ ಎಷ್ಟಕ್ಷರ?

ಗೆಳ್ಯಾರ, ಇವತ್ತ ಬನಹಟ್ಟಿಯ ನನ್ನ ಕಂಪ್ಯೂಟರ್ ಅಂಗಡಿಗೆ, ಸಣ್ಣಾವಿದ್ದಾಗ ನನಗ ಅ ಆ ಇ ಈ ಕಲಿಸಿದ ಅಕ್ಕೋರು ಬಂದಿದ್ರು. ತಮ್ಮ ಮಹಿಳಾ ಸಂಘದ ಹೆಸರು 'ಸ್ತ್ರೀಜ್ಯೋತಿ' ಅಂತ ಎಕ್ಸೆಲ್‌ನಾಗ ತುಂಬಸಬೇಕಿತ್ತು. ಆ ಕಾಲಮ್ಮಿನ್ಯಾಗ ಹತ್ತು ಅಕ್ಷರ ದಾಟಂಗಿಲ್ಲ.

"ಹನ್ನೆರಡ ಆಗ್ತಾವ್ರಿ, ತಗೋವಲ್ದು" ಅಂದೆ.

"ಸ್ತ್ರೀ, ಜ್ಯೋ, ತಿ. ಮೂರೇ ಅಕ್ಷರ! ನಾ ಕಲಿಸಿದ್ದು ಮರತಿಯೇನ್ಲೇ?" ಅಂತ ಗದರಿಸಿದ್ರು.

ಕಂಪ್ಯೂಟರ್ ಒತ್ತು, ಒತ್ತು ಕೂಡಸೋ ಕಾಣದ ಗುರ್ತು, ದೀರ್ಘ ಎಲ್ಲಾ ಬ್ಯಾರೆ ಬ್ಯಾರೆ ಎಣಸ್ತೈತಿ, 'ಸ್ತ್ರೀ' ಒಂದಕ್ಕೇ ಆರು ಅಂತ ಸೂತ್ರ ಹಾಕಿ ತೋರಿಸಿದೆ.

"ಅದಕ್ಕ ಎಣಸಾಕ ಬರೂದಿಲ್ಲ, ಸಾಲಿಗೆ ಹಚ್ಚು!" ಅಂದ್ರು.

ಕಡೀಕ 'ಸ್ತ್ರೀ ಬಳಗ' ಅಂತ ಹಾಕಿದ್ವಿ. ನಡುವಿನ ಜಾಗಾನೂ ಸೇರಿ ಹತ್ತಾತು.

ಹೊಂಟ ಅಕ್ಕೋರು ಬಾಗಲದಾಗ ನಿಂತು, "'ಪುರುಷ' ಅಂದ್ರ ಎಷ್ಟು ತೋರಸ್ತೈತಿ?" ಅಂತ ಕೇಳಿದ್ರು.

"ಐದ್ರಿ."

"ಹಂಗಾದ್ರ ಬರೋಬ್ಬರಿ ಎಣಸೈತಿ ಬಿಡು" ಅಂತ ನಕ್ಕೋತ ಹೋದ್ರು.