ಅವ್ವನ ಬೆರಳಿಗೆ ಒಲಿದ ಟ್ಯಾಬ್

ತಮ್ಮ ಅತುಲನ ಮೇಲೆ ಪಾರೀಸನಿಗೆ ಇನ್ನೂ ಸಿಟ್ಟಿದೆ. ದೂರದ ಮೊಮ್ಮಗಳ ಮುಖ ನೋಡಲಿ ಅಂತ ಗಡಹಿಂಗ್ಲಜದ ಅಪ್ಪ-ಅವ್ವನಿಗೆ ಅವನು ಅಗ್ಗದ ಟ್ಯಾಬ್ ಕಳಿಸಿದ. ಅವ್ವ ಎಷ್ಟು ಮುಟ್ಟಿದರೂ ಅದು ನಡೆಯದಿದ್ದಾಗ, "ಅವ್ವಗ ಬರಂಗಿಲ್ಲ ಬಿಡು" ಅಂದುಬಿಟ್ಟ.

ಇಚಲಕರಂಜಿಯ ಮಗ್ಗಗಳಲ್ಲಿ ಹರಿದ ನೂಲಿಗೆ ಗಂಟು ಹಾಕಿ ಹಾಕಿ ಅವ್ವನ ಬೆರಳುಗಳು ಜಡ್ಡುಗಟ್ಟಿದ್ದವು. ಮುಟ್ಟಿದರೆ ಟ್ಯಾಬಿನ ಗಾಜಿಗೆ ತಿಳಿಯುತ್ತಲೇ ಇರಲಿಲ್ಲ. ಪಾರೀಸ ಅವಳನ್ನು ಕೊಲ್ಹಾಪುರಕ್ಕೆ ಕರೆತಂದು, ಅಂಗಡಿ ಅಂಗಡಿ ತಿರುಗಿ ಅಗ್ಗದ ಟ್ಯಾಬ್‌ಗಳನ್ನೆಲ್ಲ ಮುಟ್ಟಿಸಿದ.

"ಬೆಲೆ ನೋಡ್ರಿ ಕಾಕಾ, ಬೆರಳೇನ ನೋಡ್ತೀರಿ?" ಅಂದ ಅಂಗಡಿಯವನ ಮೇಲೂ ರೇಗಿದ.

ಸಂಜೆಗೆ ಒಂದು ಟ್ಯಾಬ್ ಅವಳ ಬೆರಳಿಗೆ ಒಲಿಯಿತು. ಮೊಮ್ಮಗಳು ಪರದೆಯಲ್ಲಿ ನಕ್ಕಳು.

ಮರಳುವ ಬಸ್ಸಿನಲ್ಲಿ ಅವ್ವ, "ಇದರ ರೊಕ್ಕ ನಾ ಕೊಡ್ತೀನಪಾ" ಅಂದಳು.

"ಸುಮ್ನ ಕೂಡ್ರಬೇ. ನೀ ಗಂಟ ಹಾಕಿ ನಮ್ಮನ್ನ ಸಾಕಿದ್ದಕ್ಕ ನಾವೇನ ಕೊಟ್ಟೇವಿ?" ದಣಿದ ಪಾರೀಸ ಗದರಿದ.

ಆ ಸಾಲ ಇವತ್ತಿಗೂ ತೀರಿಲ್ಲ.